ಬ್ರಹ್ಮದಂಡಿಯ ನೀಲಿ ಫೋಟೋದಲ್ಲಿ ಯಾಕೆ ಬರುತ್ತಿಲ್ಲ?

ಪ್ರಶ್ನೆ: ನಾನು ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕನ್ನಡ ಶಾಲೆಯ ಶಿಕ್ಷಕಿ. ಶಾಲೆಗೆ ಹೋಗುವ ದಾರಿಯ ಬದುಗಳಲ್ಲಿ ಮುಳ್ಳುಚೆಂಡಿನಂಥ ಹೂ ಬಿಡುವ ಗಿಡಗಳು ಬಹಳ ಇವೆ. ನಮ್ಮಲ್ಲಿ ಬ್ರಹ್ಮದಂಡಿ ಅಂತಾರೆ, ಮರಾಠಿಯವರು ಉಟಕಟಾರಿ ಅಂತಾರೆ. ಒಂದು ವರ್ಷ ಪೂರ್ತಿ ಈ ಗಿಡದ ಫೋಟೋ ತೆಗೆದು ಮಕ್ಕಳಿಗೆ ತೋರಿಸಬೇಕು ಅಂತ ಆಸೆ. ಆದರೆ ಕಣ್ಣಿಗೆ ತಿಳಿ ನೀಲಿ ಕಾಣುವ ಹೂ ಫೋಟೋದಲ್ಲಿ ಬಿಳಿ ಹತ್ತಿಯ ಉಂಡೆ ಆಗುತ್ತದೆ. ಇಂಟರ್ನೆಟ್‌ನಲ್ಲಿ ಕಾಣುವ ಕಡು ನೀಲಿ ಬರುವುದೇ ಇಲ್ಲ. ಮುಳ್ಳು ಸ್ಪಷ್ಟ ಬಂದರೆ ಹೂ ಮಸುಕು, ಹೂ ಸ್ಪಷ್ಟ ಬಂದರೆ ಮುಳ್ಳು ಮಸುಕು. ನನ್ನ ಹತ್ತಿರ ಫೋನ್ ಇದೆ. ತಮ್ಮನ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ, ಅದರ 18–55 ಜೂಮ್ ಲೆನ್ಸ್ ಇದೆ. ಸಣ್ಣ ವಸ್ತುಗಳನ್ನು ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್ ಇಲ್ಲದೆ ಆಗುವ ಕೆಲಸ ಅಲ್ಲ, 40 ಸಾವಿರ ಕೂಡಿಸಿ ಅಂತ ಪರಿಚಯದವರೊಬ್ಬರು ಹೇಳಿದರು. ಇನ್ನೊಂದು ತೊಂದರೆ, ಫೆಬ್ರವರಿ ಹೊತ್ತಿಗೆ ಬದುಗಳಿಗೆ ಬೆಂಕಿ ಹಾಕುತ್ತಾರೆ. ಹೋದ ವರ್ಷ ನಾನು ನೋಡುತ್ತಿದ್ದ ಗಿಡವೇ ಸುಟ್ಟುಹೋಯಿತು. ಕಿತ್ತು ತಂದು ಮನೆಯಲ್ಲಿ ನೆಡಬಹುದೇ? ಈ ಗಿಡಗಳ ಹಾಲು ಕಣ್ಣಿಗೆ ಬಿದ್ದರೆ ಕುರುಡಾಗುತ್ತದೆ ಎಂದು ಅತ್ತೆ ಹೆದರಿಸುತ್ತಾರೆ. ಎಷ್ಟು ನಿಜ?

ಉತ್ತರ: 40 ಸಾವಿರ ಕೂಡಿಸುವ ಕೆಲಸ ಸದ್ಯಕ್ಕೆ ಬೇಡ. ನೀವು ಕಳಿಸಿದ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಲೆನ್ಸಿನಿಂದ ಕೆಟ್ಟ ಫೋಟೋ ಅದರಲ್ಲಿ ಒಂದೂ ಇಲ್ಲ. ಎಲ್ಲವೂ ಮಧ್ಯಾಹ್ನದ ಬಿಸಿಲಲ್ಲಿ, ಬಹುಶಃ ಶಾಲೆ ಬಿಟ್ಟು ಊಟಕ್ಕೆ ಹೋಗುವಾಗ ತೆಗೆದವು. ಅರ್ಧಕ್ಕಿಂತ ಜಾಸ್ತಿ ಹೂಗಳು ಅರಳಿ ಮುಗಿದವು. ಹೊತ್ತು ಮತ್ತು ಹೂವಿನ ಹಂತ, ಇವೆರಡನ್ನು ಸರಿ ಮಾಡಿಕೊಂಡರೆ ನಿಮ್ಮ ಹತ್ತಿರ ಇರುವ ಸಾಮಾನಿನಲ್ಲೇ ಮುಕ್ಕಾಲು ಕೆಲಸ ಆಗುತ್ತದೆ.

ಮೊದಲು ಆ ಕಡು ನೀಲಿಯ ವಿಷಯ. ‘ಗ್ಲೋಬ್ ಥಿಸಲ್’ (ಥಿಸಲ್ ಅಂದರೆ ಈ ಬಗೆಯ ಮುಳ್ಳುಗಿಡ) ಎಂದು ಹುಡುಕಿದರೆ ಬರುವ ನೀಲಿ ಚೆಂಡು ನಿಮ್ಮ ಬದುವಿನ ಗಿಡದ್ದಲ್ಲ. ಅದು ಹೆಚ್ಚಾಗಿ ಎಕೈನಾಪ್ಸ್ ರಿಟ್ರೋ, ಯುರೋಪಿನವರು ತೋಟದಲ್ಲಿ ಅಂದಕ್ಕೆ ಬೆಳೆಸುವ ಜಾತಿ. ನಮ್ಮದು ಎಕೈನಾಪ್ಸ್ ಎಕೈನಾಟಸ್. ಎರಡೂ ಸೂರ್ಯಕಾಂತಿ ಕುಟುಂಬದವೇ, ಕುಲವೂ ಒಂದೇ, ಆದರೆ ಬಣ್ಣ ಬೇರೆ. ನಮ್ಮದರ ಹೂ ಬಿಳಿ, ಇಲ್ಲವೇ ಬಿಳಿಯ ಮೇಲೆ ಸ್ವಲ್ಪವೇ ಸ್ವಲ್ಪ ನೀಲಿ-ನೇರಳೆ ಛಾಯೆ. ಒಂದೇ ಬದುವಿನಲ್ಲಿ ಪೂರ್ತಿ ಬಿಳಿ ಗಿಡವೂ ಸಿಗುತ್ತದೆ, ತಿಳಿ ನೇರಳೆಯದೂ ಸಿಗುತ್ತದೆ. ಹಾಗಾಗಿ ಯಾವ ಕ್ಯಾಮೆರಾ ತಂದರೂ ಆ ಕಡು ನೀಲಿ ಬರುವುದಿಲ್ಲ. ಆ್ಯಪ್‌ನಲ್ಲಿ ಬಣ್ಣ ಏರಿಸಿದರೆ ಬರುತ್ತದೆ, ಆದರೆ ಮಕ್ಕಳು ಮರುದಿನ ಬದುವಿಗೆ ಹೋಗಿ ನೋಡ್ತಾರೆ ಅಲ್ವಾ? ಸುಮ್ನೆ ಯಾಕೆ?

ಇರುವ ಆ ತಿಳಿ ಛಾಯೆಯೂ ಫೋಟೋದಲ್ಲಿ ಮಾಯವಾಗುತ್ತದಲ್ಲ, ಅದಕ್ಕೆ ಮಾತ್ರ ಕಾರಣ ಇದೆ. ನಿಮ್ಮ ಕಡೆ ಎರೆ ಮಣ್ಣು. ಚೌಕಟ್ಟಿನಲ್ಲಿ ಮುಕ್ಕಾಲು ಭಾಗ ಕಪ್ಪು ನೆಲ, ನಡುವೆ ಒಂದು ಬಿಳಿ ಚೆಂಡು. ಕ್ಯಾಮೆರಾ ಒಟ್ಟಾರೆ ಬೆಳಕಿನ ಸರಾಸರಿ ನೋಡುತ್ತದೆ. ‘ಇಲ್ಲಿ ಕತ್ತಲೆ ಜಾಸ್ತಿ’ ಎಂದುಕೊಂಡು ಇಡೀ ಚಿತ್ರವನ್ನು ಬೆಳಗಿಸುತ್ತದೆ. ಕಪ್ಪು ಮಣ್ಣು ಬೂದಿ ಬಣ್ಣಕ್ಕೆ ಬರುತ್ತದೆ, ಬಿಳಿ ಹೂ ಉರಿದುಹೋಗುತ್ತದೆ, ಅಂದರೆ ವಿವರವೇ ಇಲ್ಲದ ಬರೀ ಬಿಳಿ ಆಗುತ್ತದೆ. ಮೊದಲು ಸಾಯುವುದು ಆ ತಿಳಿ ನೇರಳೆಯೇ. ಡಿಎಸ್‌ಎಲ್‌ಆರ್‌ನಲ್ಲಿ ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಚಿತ್ರದ ಬೆಳಕನ್ನು ಏರಿಸುವ ಇಳಿಸುವ ಸೆಟ್ಟಿಂಗ್) ಅನ್ನು ಮೈನಸ್ 0.7ಕ್ಕೆ ಇಳಿಸಿ, ಸಾಲದಿದ್ದರೆ ಮೈನಸ್ 1. ಫೋನ್‌ನಲ್ಲಿ ಹೂವಿನ ಮೇಲೆ ಬೆರಳು ಒತ್ತಿ ಹಿಡಿದರೆ ಫೋಕಸ್ ಲಾಕ್ ಆಗಿ, ಪಕ್ಕದಲ್ಲಿ ಸೂರ್ಯನ ಗುರುತು ಬರುತ್ತದೆ. ಅದನ್ನು ಕೆಳಗೆ ಎಳೆಯಿರಿ. ತೆರೆಯ ಮೇಲೆ ಚಿತ್ರ ಸ್ವಲ್ಪ ಕಪ್ಪಾಯಿತು ಅನಿಸಬೇಕು. ಮಣ್ಣಿನ ಕತ್ತಲನ್ನು ಆಮೇಲೆ ಸ್ವಲ್ಪ ಎತ್ತಬಹುದು. ಉರಿದುಹೋದ ಬಿಳಿಯನ್ನು ಮರಳಿ ತರಲು ಆಗುವುದಿಲ್ಲ.

ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಸರಿಪಡಿಸುವ ವೈಟ್ ಬ್ಯಾಲೆನ್ಸ್ ಅನ್ನು ಆಟೋದಲ್ಲಿ ಬಿಡಬೇಡಿ. ಹಿನ್ನೆಲೆ ಹಸಿರಿದ್ದಾಗ ಒಂದು ಬಣ್ಣ, ಮಣ್ಣಿದ್ದಾಗ ಇನ್ನೊಂದು ಬಣ್ಣ ಕೊಡುತ್ತದೆ. ವರ್ಷ ಪೂರ್ತಿ ತೆಗೆದ ಫೋಟೋಗಳನ್ನು ಪಕ್ಕಪಕ್ಕ ಇಟ್ಟಾಗ ಅದು ಎದ್ದು ಕಾಣುತ್ತದೆ. ‘ಡೇಲೈಟ್’ಗೆ ಇಟ್ಟು ಮರೆತುಬಿಡಿ. ಒಂದು ಎಚ್ಚರ: ನೆರಳಲ್ಲಿ ತೆಗೆದರೆ ಆಕಾಶದ ನೀಲಿ ಬಿಳಿ ಹೂವಿನ ಮೇಲೂ ಬೀಳುತ್ತದೆ. ಆ ನೀಲಿ ಹೂವಿನದಲ್ಲ. ಬಿಸಿಲು ಬೇಕು, ಆದರೆ ಸೋಸಿದ ಬಿಸಿಲು. ಹಳೆಯ ತೆಳು ಬಿಳಿ ಪಂಚೆಯನ್ನು ಇಬ್ಬರು ಮಕ್ಕಳು ಗಿಡದ ಮೇಲೆ ಹಿಡಿದರೆ ಸಾಕು. ಇದಕ್ಕೆ ಅಂಗಡಿಯ ಡಿಫ್ಯೂಸರ್ ಬೇಕಿಲ್ಲ.

ಈಗ ಹೂವನ್ನೇ ಹತ್ತಿರದಿಂದ ನೋಡೋಣ, ಯಾಕಂದ್ರೆ ನಿಜವಾದ ವಿಷಯ ಇರುವುದು ಇಲ್ಲಿ. ಒಂದು ಹೂ ಎಂದು ನಾವು ಕರೆಯುವ ಆ ಚೆಂಡು ಒಂದು ಹೂವಲ್ಲ. ಹತ್ತಾರು ಸಣ್ಣ ಹೂಗಳು ಒಂದು ಗುಂಡಗಿನ ದಿಂಡಿನ ಸುತ್ತ ನಿಂತಿವೆ. ಪ್ರತಿಯೊಂದು ಸಣ್ಣ ಹೂವಿಗೂ ತನ್ನದೇ ಮುಳ್ಳಿನ ಕವಚ ಇದೆ. ಕೆಲವು ಕವಚದ ಮುಳ್ಳು ಹೂವಿಗಿಂತ ಉದ್ದಕ್ಕೆ ಹೊರಗೆ ಚಾಚುತ್ತದೆ. ಚೆಂಡು ಮೊದಲು ಹಸಿರಾಗಿ, ಬರೀ ಮುಳ್ಳಾಗಿ ಇರುತ್ತದೆ. ಆಮೇಲೆ ನೆತ್ತಿಯ ಹೂಗಳು ಮೊದಲು ಬಿರಿಯುತ್ತವೆ. ಅಲ್ಲಿಂದ ಕೆಳಕ್ಕೆ, ಸುತ್ತು ಸುತ್ತಾಗಿ ಅರಳುತ್ತಾ ಬರುತ್ತವೆ. ಸೂರ್ಯಕಾಂತಿಯಲ್ಲಿ ಅಂಚಿನ ಹೂ ಮೊದಲು ಅರಳಿ ನಡುವಿನದು ಕೊನೆಗೆ ಅರಳುತ್ತದೆ. ಬ್ರಹ್ಮದಂಡಿಯದು ಉಲ್ಟಾ. ಇದರಿಂದ ಏನಾಗುತ್ತದೆ ಎಂದರೆ, ಕೆಳಗಿನ ಹೂಗಳು ಅರಳುವ ಹೊತ್ತಿಗೆ ನೆತ್ತಿ ಬಾಡಿ ಕಂದಾಗಿರುತ್ತದೆ. ನೀವು ‘ಪೂರ್ತಿ ಅರಳಲಿ’ ಎಂದು ಕಾದಿದ್ದೀರಿ, ಅಷ್ಟರಲ್ಲಿ ಅರ್ಧ ಮುಗಿದಿದೆ.

ನನ್ನ ಆಯ್ಕೆ, ನೆತ್ತಿಯಿಂದ ನಡುಮಟ್ಟದವರೆಗೆ ಅರಳಿ, ಕೆಳಗೆ ಇನ್ನೂ ಹಸಿರು ಮೊಗ್ಗು ಇರುವ ಚೆಂಡು. ಆ ಹಂತ ಕೆಲವೇ ದಿನ. ಒಂದು ಗಿಡದಲ್ಲಿ ಹಲವು ಚೆಂಡುಗಳಿರುತ್ತವೆ, ಎಲ್ಲವೂ ಒಂದೇ ಹಂತದಲ್ಲಿ ಇರುವುದಿಲ್ಲ. ಹಾಗಾಗಿ ತಪ್ಪಿಹೋಯಿತು ಎಂದು ಬೇಜಾರು ಬೇಡ, ಪಕ್ಕದ ಕೊಂಬೆ ನೋಡಿ.

ಮುಳ್ಳು ಮತ್ತು ಹೂ ಎರಡೂ ಒಟ್ಟಿಗೆ ಸ್ಪಷ್ಟ ಬಾರದಿರುವುದು ನಿಮ್ಮ ಕೈಯ ತಪ್ಪಲ್ಲ. ಲೆಕ್ಕ ಇಷ್ಟೇ. ಮುಳ್ಳೂ ಸೇರಿ ಚೆಂಡಿನ ಅಗಲ ಸುಮಾರು 4 ಸೆಂಟಿಮೀಟರ್ ಅನ್ನೋಣ. ನಿಮ್ಮ ತಮ್ಮನ ಕ್ಯಾಮೆರಾದಂಥವುಗಳ ಸೆನ್ಸರ್ (ಒಳಗೆ ಚಿತ್ರ ಮೂಡುವ ಫಲಕ) ಸುಮಾರು 24ಕ್ಕೆ 16 ಮಿಲಿಮೀಟರ್. ಚೆಂಡು ಚೌಕಟ್ಟನ್ನು ತುಂಬಬೇಕಾದರೆ ನಿಜಗಾತ್ರದ ಐದರಲ್ಲಿ ಎರಡು ಪಾಲಿನಷ್ಟು ಬಿಂಬ ಸಾಕು. 18–55 ಲೆನ್ಸುಗಳನ್ನು 55ರಲ್ಲಿ, ಅಂದರೆ ಪೂರ್ತಿ ಜೂಮಿನಲ್ಲಿ ಇಟ್ಟು ಹತ್ತಿರ ಹೋದರೆ ಸುಮಾರು ಮೂರನೇ ಒಂದು ಪಾಲು ಕೊಡುತ್ತವೆ. ಅಂದರೆ ನಿಮಗೆ ಬೇಕಾದದ್ದು ಹೆಚ್ಚುಕಡಿಮೆ ಈಗಲೇ ಕೈಯಲ್ಲಿದೆ. ಮ್ಯಾಕ್ರೋ ಲೆನ್ಸ್ ಕೊಡುವ ಪೂರ್ಣ ನಿಜಗಾತ್ರದಲ್ಲಿ ಇಡೀ ಚೆಂಡು ಚೌಕಟ್ಟಿಗೆ ಹಿಡಿಸುವುದೇ ಇಲ್ಲ. ಆದರೆ ಇಷ್ಟು ಹತ್ತಿರದಲ್ಲಿ ಲೆನ್ಸಿನ ಕಿಂಡಿಯನ್ನು (ಅಪರ್ಚರ್) ಕಿರಿದು ಮಾಡಿ ಎಫ್ 8 ಇಟ್ಟರೂ ಸ್ಪಷ್ಟವಾಗಿ ಬರುವ ಆಳ ಸುಮಾರು 3 ಮಿಲಿಮೀಟರ್ ಮಾತ್ರ. 4 ಸೆಂಟಿಮೀಟರ್ ಚೆಂಡಿನಲ್ಲಿ 3 ಮಿಲಿಮೀಟರ್! 40 ಸಾವಿರದ ಲೆನ್ಸ್ ತಂದರೂ ಈ ಲೆಕ್ಕ ಬದಲಾಗುವುದಿಲ್ಲ.

ಹಾಗಾದರೆ ದಾರಿ? ಒಂದು, ಎಲ್ಲವೂ ಸ್ಪಷ್ಟ ಇರಬೇಕು ಎಂಬ ಹಟ ಬಿಡಿ. ನಿಮಗೆ ಎದುರಾಗಿರುವ ಅರಳಿದ ಹೂಗಳ ಸಾಲಿಗೆ ಫೋಕಸ್ ಕೊಡಿ, ನಿಮ್ಮತ್ತ ಚಾಚಿದ ಮುಳ್ಳು ಮಸುಕಾಗಲಿ. ಅಂಚಿನ ಮುಳ್ಳು ಹೇಗೂ ಬೆಳಕಿಗೆ ಹೊಳೆಯುತ್ತದೆ. ಇನ್ನೊಂದು, ಸ್ವಲ್ಪ ಹಿಂದೆ ಸರಿದು ಚೆಂಡನ್ನು ಸಣ್ಣದಾಗಿ ತೆಗೆದು, ಆಮೇಲೆ ಫೋಟೋದ ಸುತ್ತಲಿನ ಭಾಗ ಕತ್ತರಿಸಿ. ಹಿಂದೆ ಸರಿದಷ್ಟೂ ಸ್ಪಷ್ಟತೆಯ ಆಳ ಹೆಚ್ಚುತ್ತದೆ. ಶಾಲೆಯ ಗೋಡೆಗೆ ಹಚ್ಚುವ ಪ್ರಿಂಟಿಗೆ ಅದು ಧಾರಾಳ ಸಾಕು. ಫೋಕಸ್ ಸ್ಟ್ಯಾಕಿಂಗ್ ಎಂಬುದೂ ಇದೆ: ಫೋಕಸ್ ಸರಿಸುತ್ತಾ ಹಲವು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಸೇರಿಸುವುದು. ಟ್ರೈಪಾಡ್ ಬೇಕು, ಗಾಳಿ ಒಂದಿಷ್ಟೂ ಇರಬಾರದು. ಸೊಲ್ಲಾಪುರದ ಬಯಲಲ್ಲಿ ಗಾಳಿ ಇಲ್ಲದ ಹೊತ್ತು ಯಾವುದು ಎಂದು ನಿಮಗೇ ಗೊತ್ತಲ್ಲ. ಹೊತ್ತು ಮೂಡಿದ ಮೇಲೆ ಒಂದೆರಡು ತಾಸು, ಅಷ್ಟೇ.

ಸ್ಟ್ಯಾಕಿಂಗ್ ಮಾಡಲಿ ಬಿಡಲಿ, ಆ ಹೊತ್ತಿಗೇ ಹೋಗಿ. ನವೆಂಬರ್, ಡಿಸೆಂಬರಿನಲ್ಲಿ ಮುಳ್ಳಿನ ತುದಿಗೆ ಇಬ್ಬನಿ ಇರುತ್ತದೆ. ಬಿಸಿಲು ಓರೆಯಾಗಿ ಬರುತ್ತದೆ. ಸೂರ್ಯ ಗಿಡದ ಹಿಂದೆ, ಸ್ವಲ್ಪ ಪಕ್ಕಕ್ಕೆ ಇರುವ ಹಾಗೆ ಕೂತರೆ ಒಂದೊಂದು ಮುಳ್ಳಿನ ಅಂಚೂ ಬೆಳಗುತ್ತದೆ. ಕಾಂಡದ ಮೇಲಿನ ಬಿಳಿ ನವಿರು ಸಹ ಕಾಣುತ್ತದೆ. ಗಾಳಿ ಎದ್ದ ಮೇಲೆ ತೆಗೆಯಲೇಬೇಕಾದರೆ ಶಟರ್ ವೇಗ 1/500 ಸೆಕೆಂಡಿಗಿಂತ ಕಡಿಮೆ ಮಾಡಬೇಡಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿದರೆ ಏರಲಿ. ಸ್ವಲ್ಪ ಕಾಳುಕಾಳಾದ ಫೋಟೋ ನಡೆಯುತ್ತದೆ. ಅಲುಗಿದ ಫೋಟೋ ನಡೆಯುವುದಿಲ್ಲ.

ಫೋನಿಗೆ ಒಂದು ಉಪಾಯ. ತೆಳು ಮುಳ್ಳು ಬಿಟ್ಟು ಹಿಂದಿನ ಹೊಲಕ್ಕೆ ಫೋಕಸ್ ಮಾಡುವುದು ಫೋನುಗಳ ಹಳೆಯ ಚಟ. ಚೆಂಡಿನ ಪಕ್ಕದಲ್ಲೇ, ಅಷ್ಟೇ ದೂರದಲ್ಲಿ ಅಂಗೈ ಹಿಡಿಯಿರಿ. ಅಂಗೈ ಮೇಲೆ ಫೋಕಸ್ ಲಾಕ್ ಮಾಡಿ. ಕೈ ತೆಗೆದು ಕ್ಲಿಕ್ ಮಾಡಿ. ಫೋನನ್ನು ತೀರಾ ಹತ್ತಿರ ಒಯ್ಯಬೇಡಿ, ಅದರ ನೆರಳೇ ಹೂವಿನ ಮೇಲೆ ಬೀಳುತ್ತದೆ. ಒಂದು ಮೊಳ ಹಿಂದೆ ನಿಂತು 2 ಪಟ್ಟು ಜೂಮ್ ಹಾಕಿ.

ಹಿನ್ನೆಲೆ ಗಲಿಬಿಲಿ ಆಗುತ್ತದೆ ಎಂದು ನೀವು ಬರೆದಿಲ್ಲ, ಆದರೆ ಫೋಟೋಗಳಲ್ಲಿ ಆಗಿದೆ. ನಿಂತು ಕೆಳಗೆ ನೋಡಿ ತೆಗೆದಿದ್ದೀರಿ. ಚೆಂಡಿನ ಹಿಂದೆಯೇ ಒಣ ಹುಲ್ಲು, ಕಲ್ಲು, ಪ್ಲಾಸ್ಟಿಕ್. ಕೂತು, ಚೆಂಡಿನ ಮಟ್ಟಕ್ಕೆ ಕಣ್ಣು ತನ್ನಿ. ಡಿಸೆಂಬರಿನಲ್ಲಿ ದೂರದ ಜೋಳದ ಹೊಲದ ಹಸಿರು ಹಿಂದೆ ಬಂದರೆ ಇದಕ್ಕಿಂತ ಒಳ್ಳೆಯ ಪರದೆ ಇಲ್ಲ. ಅಡ್ಡ ಬರುವ ಹುಲ್ಲನ್ನು ಕೀಳಬೇಡಿ, ಬಟ್ಟೆ ಕ್ಲಿಪ್ಪಿನಿಂದ ಆಚೆ ಹಿಡಿದಿಟ್ಟು ಆಮೇಲೆ ಬಿಟ್ಟುಬಿಡಿ. ಕೂರುವ ಮುಂಚೆ ಕೋಲಿನಿಂದ ಸುತ್ತ ಬಡಿದು ನೋಡಿ. ಬದುವಿನ ಕಲ್ಲಿನ ಸಂದಿ ಕೊಳಕುಮಂಡಲಕ್ಕೂ ಇಷ್ಟವಾದ ಜಾಗ. ಮೊಣಕಾಲಿಗೆ ದಪ್ಪ ಗೋಣಿಚೀಲ ಮಡಚಿ ಹಾಕಿಕೊಳ್ಳಿ.

ಇಷ್ಟೆಲ್ಲ ಮಾಡಿಯೂ ಇನ್ನೂ ಹತ್ತಿರ ಹೋಗಬೇಕು, ಒಂದೊಂದೇ ಸಣ್ಣ ಹೂ ಬೇಕು ಅನಿಸಿದರೆ ಆಗ ಖರ್ಚಿನ ಮಾತು. ಎಕ್ಸ್‌ಟೆನ್ಶನ್ ಟ್ಯೂಬ್ ಎಂಬ ಟೊಳ್ಳು ಉಂಗುರ ಸಿಗುತ್ತದೆ, ಒಳಗೆ ಗಾಜಿಲ್ಲ. ಕ್ಯಾಮೆರಾ ಮತ್ತು ಲೆನ್ಸಿನ ನಡುವೆ ಹಾಕುವುದು. 55ರಲ್ಲಿ ಇಟ್ಟ ಲೆನ್ಸಿಗೆ 25 ಮಿಲಿಮೀಟರ್ ಟ್ಯೂಬ್ ಹಾಕಿದರೆ ಬಿಂಬ ನಿಜಗಾತ್ರದ ಮುಕ್ಕಾಲರ ಹತ್ತಿರ ಬರುತ್ತದೆ. ಬೆಲೆ ಮ್ಯಾಕ್ರೋ ಲೆನ್ಸಿನ ಸಣ್ಣ ಭಾಗ. ತೊಂದರೆ ಏನೆಂದರೆ ಬೆಳಕು ಕಡಿಮೆ ಆಗುತ್ತದೆ, ದೂರಕ್ಕೆ ಫೋಕಸ್ ಆಗುವುದಿಲ್ಲ. ವಿದ್ಯುತ್ ಸಂಪರ್ಕ ಇಲ್ಲದ ಅಗ್ಗದ ಟ್ಯೂಬ್ ಕೊಂಡರೆ ಹೊಸ ಕ್ಯಾಮೆರಾಗಳಲ್ಲಿ ಅಪರ್ಚರ್ ಬದಲಿಸಲು ಒದ್ದಾಡಬೇಕು. ಫೋನಿಗೆ ಸಿಕ್ಕಿಸುವ ಕ್ಲಿಪ್ ಲೆನ್ಸ್ ಎಲ್ಲಕ್ಕಿಂತ ಅಗ್ಗ. ಆದರೆ ಹೂವಿಗೆ ಎರಡು ಮೂರು ಸೆಂಟಿಮೀಟರ್ ಹತ್ತಿರ ಒಯ್ಯಬೇಕು, ಈ ಗಿಡದ ಮುಳ್ಳು ಅದಕ್ಕೆ ಬಿಡುವುದಿಲ್ಲ. ಮ್ಯಾಕ್ರೋ ಲೆನ್ಸ್ ಬೇಕೇಬೇಕು ಅನಿಸಿದರೆ ಒಂದೆರಡು ದಿನ ಬಾಡಿಗೆಗೆ ತಂದು ನೋಡಿ, ಆಮೇಲೆ ನಿರ್ಧಾರ ಮಾಡಿ. ಕೀಟಗಳ ಹಿಂದೆ ಬಿದ್ದರೆ ಅದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಈ ಚೆಂಡಿಗೆ ಬರುವ ಜೇನು, ಚಿಟ್ಟೆ, ಅವಕ್ಕೆ ಹೊಂಚು ಹಾಕುವ ಏಡಿಜೇಡ, ಅದೇ ಒಂದು ಬೇರೆ ಲೋಕ. ಹೂವಿಗೆ ಜೇನುತುಪ್ಪ ಸವರುವುದು, ಕೀಟವನ್ನು ಫ್ರಿಜ್‌ನಲ್ಲಿಟ್ಟು ತರುವುದು, ಇಂಥ ಸಲಹೆ ಕೊಡುವವರು ಸಿಗುತ್ತಾರೆ. ಬೇಡ.

ವರ್ಷದ ಲೆಕ್ಕಕ್ಕೆ ಬರೋಣ. ನಿಮ್ಮ ಕಡೆ ಜೂನಿನಲ್ಲಿ ಮಳೆ ಹಿಡಿದರೂ ಜೋರು ಸೆಪ್ಟೆಂಬರಿನಲ್ಲಿ. ಮಳೆ ಬಿದ್ದ ಮೇಲೆ ಸಸಿ ನೆಲಕ್ಕೆ ಅಂಟಿದ ಎಲೆಯ ಸುತ್ತಾಗಿ ಏಳುತ್ತದೆ. ಆಗ ಇದನ್ನು ಗುರುತಿಸುವುದು ಕಷ್ಟ. ಎಲೆ ಮಗುಚಿ ನೋಡಿ: ಮೇಲೆ ಹಸಿರು, ಕೆಳಗೆ ಬಿಳಿ ಉಣ್ಣೆಯಂಥ ನವಿರು. ಈ ಎಲೆಯ ಬೆನ್ನಿನ ಫೋಟೋ ತಪ್ಪದೆ ತೆಗೆಯಿರಿ. ಗಿಡ, ಪ್ರಾಣಿಗಳನ್ನು ಗುರುತಿಸುವ ಜಾಲತಾಣಗಳಾದ ಐನ್ಯಾಚುರಲಿಸ್ಟ್‌ನಲ್ಲೋ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಲ್ಲೋ ಹಾಕಿದರೆ ಗುರುತಿಸುವವರಿಗೆ ಹೂವಿಗಿಂತ ಅದೇ ಸಹಾಯ. ಅಕ್ಟೋಬರಿಗೆ ಹಸಿರು ಚೆಂಡು. ನವೆಂಬರಿನಿಂದ ಜನವರಿವರೆಗೆ ಹೂ. ಮಳೆ ತಡವಾದ ವರ್ಷ ಇದೂ ಹಿಂದೆ ಮುಂದೆ ಆಗುತ್ತದೆ, ಕ್ಯಾಲೆಂಡರ್ ನೋಡಬೇಡಿ, ಗಿಡ ನೋಡಿ.

ಚಳಿಗಾಲದಲ್ಲಿ ಇದರ ನೆಂಟನೊಬ್ಬನನ್ನೂ ಜೊತೆಗೆ ಸೇರಿಸಿಕೊಳ್ಳಿ ಎಂಬುದು ನನ್ನ ಆಸೆ. ಕುಸುಬಿ. ಎಣ್ಣೆಗೆ ಬೆಳೆಯುವ ಈ ಕುಸುಬಿಯೂ ಥಿಸಲ್ ಬಳಗದ್ದೇ. ಜೋಳದ ಹೊಲಕ್ಕೆ ದನ ನುಗ್ಗದಿರಲಿ ಎಂದು ಅಂಚಿಗೆ ಸಾಲು ಹಾಕುವುದು ಈ ಮುಳ್ಳಿಗಾಗಿಯೇ. ಹಳದಿಯಾಗಿ ಅರಳಿ, ಬಾಡುತ್ತಾ ಕೇಸರಿ-ಕೆಂಪಿಗೆ ತಿರುಗುತ್ತದೆ. ಒಂದೇ ಗಿಡದಲ್ಲಿ ಎರಡೂ ಬಣ್ಣ ಸಿಗುತ್ತವೆ. ಹಳದಿ ಹೂವೂ ಬಿಳಿಯಷ್ಟೇ ಬೇಗ ಉರಿದುಹೋಗುತ್ತದೆ, ಅಲ್ಲಿಯೂ ಎಕ್ಸ್‌ಪೋಶರ್ ಇಳಿಸಿ.

ಹೂ ಮುಗಿದ ಮೇಲೆ ಹೆಚ್ಚಿನವರು ಕ್ಯಾಮೆರಾ ಒಳಗಿಡುತ್ತಾರೆ. ನನಗೆ ಈ ಗಿಡದ ಒಣ ರೂಪವೇ ಜಾಸ್ತಿ ಇಷ್ಟ. ಫೆಬ್ರವರಿಗೆ ಚೆಂಡು ಕಂದಾಗುತ್ತದೆ. ಬಣ್ಣ ಹೋದ ಮೇಲೆ ರಚನೆ ಎದ್ದು ಕಾಣುತ್ತದೆ: ಯಾವ ಮುಳ್ಳು ಯಾವ ಹೂವಿನದು, ದಿಂಡಿಗೆ ಎಲ್ಲಿ ಅಂಟಿದೆ ಎಂದು ಎಣಿಸಬಹುದು. ಆಮೇಲೆ ಬೀಜಗಳು ಮುಳ್ಳಿನ ಕವಚದ ಸಮೇತ ಒಂದೊಂದಾಗಿ ಕಳಚುತ್ತವೆ. ಅರ್ಧ ಬೋಳಾದ ಚೆಂಡನ್ನು ಸಂಜೆಯ ಇಳಿ ಬಿಸಿಲಿಗೆ ಎದುರಾಗಿ ಹಿಡಿದು ತೆಗೆದರೆ, ಹೂವಿನ ಫೋಟೋದಲ್ಲಿ ಹೇಳಲಾಗದ್ದನ್ನು ಮಕ್ಕಳಿಗೆ ತೋರಿಸಬಹುದು.

ಆದರೆ ಅಷ್ಟರಲ್ಲಿ ಬೆಂಕಿ ಬಿದ್ದಿರುತ್ತದೆ, ಅದೇ ನಿಮ್ಮ ಗೋಳು. ಬದು ಸುಡುವವರ ಹತ್ತಿರ ಅವರದೇ ಕಾರಣ ಇರುತ್ತದೆ, ಕಳೆ, ಇಲಿ, ಮುಳ್ಳು. ಅದರ ಮೇಲೆ ವಾದಕ್ಕೆ ಹೋಗಬೇಡಿ. ಒಂದೇ ಗಿಡ ನಂಬುವ ಬದಲು ಬೇರೆ ಬೇರೆ ಜಾಗದ ಮೂರ್ನಾಲ್ಕು ಗಿಡ ಹಿಡಿಯಿರಿ. ಶಾಲೆಯ ಕಾಂಪೌಂಡ್, ಗುಡಿಯ ಹಿಂದಿನ ಬಯಲು, ಕೆರೆಯ ಏರಿ, ಇಂಥ ಕಡೆ ಬೆಂಕಿ ಬೀಳುವುದು ಕಡಿಮೆ. ಪ್ರತಿ ಗಿಡದ ಮುಂದೆ ಒಂದು ಚಪ್ಪಟೆ ಕಲ್ಲು ಇಟ್ಟು, ಪ್ರತಿ ಸಲ ಅಲ್ಲೇ ಕೂತು, ಲೆನ್ಸನ್ನು ಅದೇ ಅಂಕಿಗೆ ಇಟ್ಟು ತೆಗೆಯಿರಿ. ಆಗಲೇ ವರ್ಷದ ಬದಲಾವಣೆ ಕಾಣುವುದು. ಸೊಲ್ಲಾಪುರದ ಆಚೆ ನಾನ್ನಜದ ಹುಲ್ಲುಗಾವಲಿಗೆ ಹೋಗುವ ಯೋಚನೆ ಇದ್ದರೆ, ಅದು 1979ರಲ್ಲಿ ಘೋಷಣೆಯಾದ ಮಾಳಢೋಕ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ಅಭಯಾರಣ್ಯ. ಅರಣ್ಯ ಇಲಾಖೆಯ ಅನುಮತಿ ಬೇಕು, ಗಿಡಕ್ಕೋಸ್ಕರ ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ.

ಕಿತ್ತು ನೆಡುವುದು ಬೇಡ. ಬೇರು ನೇರ ಆಳಕ್ಕೆ ಇಳಿದಿರುತ್ತದೆ, ಕೀಳುವಾಗಲೇ ಮುರಿಯುತ್ತದೆ. ನಾಲ್ಕು ದಿನದಲ್ಲಿ ಗಿಡ ಒಣಗುತ್ತದೆ. ಮನೆಯಲ್ಲಿ ಬೇಕೇ ಬೇಕೆಂದರೆ ಫೆಬ್ರವರಿಯಲ್ಲಿ ಒಂದೆರಡು ಒಣ ಚೆಂಡು ತಂದು, ಜೂನಿನಲ್ಲಿ ಒಂದು ಅಡಿಗಿಂತ ಆಳದ ಕುಂಡಕ್ಕೆ ಬೀಜ ಹಾಕಿ. ಎಲ್ಲ ಹುಟ್ಟುವುದಿಲ್ಲ. ಹುಟ್ಟಿದ್ದು ನೀರು ಗೊಬ್ಬರ ಜಾಸ್ತಿಯಾಗಿ ಬದುವಿನ ಗಿಡದಷ್ಟು ಗಟ್ಟಿಮುಟ್ಟಾಗಿಯೂ ಕಾಣುವುದಿಲ್ಲ. ಚಿಕ್ಕ ಮಕ್ಕಳು ಓಡಾಡುವ ಅಂಗಳದಲ್ಲಿ ಇಡಬೇಡಿ.

ಕೊನೆಗೆ ಅತ್ತೆಯವರ ಮಾತು. ಅವರು ಹೇಳುತ್ತಿರುವುದು ಪೂರ್ತಿ ಸುಳ್ಳಲ್ಲ, ಗಿಡ ಮಾತ್ರ ಬೇರೆ. ನೀವು ಕಳಿಸಿದ ಫೋಟೋಗಳಲ್ಲಿ ಎರಡು ಬ್ರಹ್ಮದಂಡಿಯದಲ್ಲ, ಅರಿಶಿನ ದತ್ತೂರಿಯದು. ಎಲೆಯ ಅಂಚಿಗೆ ಮುಳ್ಳು, ನರಗಳ ಮೇಲೆ ಬಿಳಿ ಪಟ್ಟೆ, ಹಳದಿ ಹೂ. ನೋಡಲು ಥಿಸಲ್ ಹಾಗಿದ್ದರೂ ಅದು ಗಸಗಸೆಯ ಕುಟುಂಬದ್ದು, ಮೆಕ್ಸಿಕೋ ಕಡೆಯಿಂದ ಬಂದ ಕಳೆ. ಮುರಿದರೆ ಹಳದಿ ಹಾಲು ಬರುತ್ತದೆ. ಆ ಹಾಲು ಕಣ್ಣಿಗೆ ತಾಗಿದರೆ ಉರಿ, ಊತ ಆಗುತ್ತದೆ. ಕೂಡಲೇ ಬಹಳ ನೀರಿನಲ್ಲಿ ತೊಳೆದು ಡಾಕ್ಟರ ಹತ್ತಿರ ಹೋಗಬೇಕು. ಕೆಲವರು ಅದನ್ನೇ ಕಣ್ಣಿಗೆ ಔಷಧಿ ಎಂದು ಹಾಕುತ್ತಾರೆ, ದಯವಿಟ್ಟು ಯಾರಿಗೂ ಹಾಕಲು ಬಿಡಬೇಡಿ. ಬೀಜ ಇನ್ನೂ ಅಪಾಯ. ಸಾಸಿವೆಯ ಹಾಗೆ ಕಾಣುತ್ತದೆ. 1998ರಲ್ಲಿ ದಿಲ್ಲಿಯಲ್ಲಿ ಸಾಸಿವೆ ಎಣ್ಣೆಗೆ ಇದರ ಎಣ್ಣೆ ಬೆರೆತು, ಮೈ ಊದಿಕೊಳ್ಳುವ ಡ್ರಾಪ್ಸಿ ರೋಗ ಹರಡಿ 60ಕ್ಕೂ ಹೆಚ್ಚು ಜನ ಸತ್ತರು. ಫೋಟೋ ತೆಗೆಯಲು ಏನೂ ಅಡ್ಡಿಯಿಲ್ಲ, ಮುರಿಯಬೇಡಿ, ಕುಂಡದಲ್ಲಿ ಬೆಳೆಸಬೇಡಿ. ಬ್ರಹ್ಮದಂಡಿಯಿಂದ ಆಗುವ ತೊಂದರೆ ಮುಳ್ಳಿನದು ಮಾತ್ರ. ಚುಚ್ಚಿ ಒಳಗೇ ಮುರಿದರೆ ತೆಗೆಸಿ, ಟೆಟನಸ್ ಚುಚ್ಚುಮದ್ದು ಹಳೆಯದಾಗಿದ್ದರೆ ಹಾಕಿಸಿಕೊಳ್ಳಿ.

ಈಗ ಹಸಿರು ಚೆಂಡು ಮೂಡುವ ಹೊತ್ತು. ಗಿಡಗಳನ್ನು ಈ ವಾರವೇ ಆರಿಸಿ, ಹೊಲದವರನ್ನು ಕಂಡು ‘ಈ ನಾಲ್ಕು ಮೊಳ ಬದು ಮಾತ್ರ ಏಪ್ರಿಲ್‌ವರೆಗೆ ಸುಡಬೇಡಿ’ ಎಂದು ಈಗಲೇ ಕೇಳಿಬಿಡಿ. ಜೋಳದ ಸುಗ್ಗಿ ಶುರುವಾದ ಮೇಲೆ ಅವರಿಗೆ ಮಾತಾಡಲು ಪುರುಸೊತ್ತು ಇರುವುದಿಲ್ಲ.